ಅಣುತೈಲ, ಸ್ಟೀರಾಯ್ಡ್ ಸ್ಪ್ರೇ ಎರಡೂ ಒಟ್ಟಿಗೆ ಹಾಕಬಹುದೇ? ಅಲರ್ಜಿ ಮೂಗಿಗೆ ಯಾವುದು ಯಾವಾಗ?

ಹೊಂಗೆ ನೆರಳು (ಪ್ರಶ್ನೆ)

ವಿವರ ಮೊದಲು, ಪ್ರಶ್ನೆ ಆಮೇಲೆ.

ವಯಸ್ಸು 34, ಬೆಂಗಳೂರು ವಾಸ. ಎದ್ದ ಕೂಡಲೇ ಸಾಲುಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಅಂಗುಳ ಮತ್ತು ಕಣ್ಣಿನಲ್ಲಿ ತುರಿಕೆ. ರಾತ್ರಿ ಮೂಗು ಕಟ್ಟಿ ಬಾಯಲ್ಲೇ ಉಸಿರು. ವಾರದ ಏಳೂ ದಿನ ಇದೇ ಪಾಡು. ಮಳೆ ನಿಂತು ಕಾಂಗ್ರೆಸ್ ಗಿಡ ಹೂ ಬಿಡುವ ಹೊತ್ತಿಗೆ ಇನ್ನೂ ಜಾಸ್ತಿ. ಜ್ವರ ಇಲ್ಲ, ಉಬ್ಬಸ ಇಲ್ಲ. ಈಗ ಕೈಯಲ್ಲಿ ಎರಡು ಚೀಟಿ ಇವೆ.

ಇಎನ್‌ಟಿ ಡಾಕ್ಟರದ್ದು: ಫ್ಲೂಟಿಕಾಸೋನ್ ಫ್ಯುರೋಯೇಟ್ ಎಂಬ ಸ್ಟೀರಾಯ್ಡ್ ಸ್ಪ್ರೇ ದಿನಕ್ಕೊಮ್ಮೆ, ಒಂದೊಂದು ಹೊಳ್ಳೆಗೆ ಎರಡೆರಡು ಸಲ. ರಾತ್ರಿಗೆ ಲೆವೊಸೆಟಿರಿಝಿನ್ 5 ಮಿ.ಗ್ರಾಂ ಮತ್ತು ಮಾಂಟೆಲುಕಾಸ್ಟ್ 10 ಮಿ.ಗ್ರಾಂ ಸೇರಿರುವ ಮಾತ್ರೆ.

ಆಯುರ್ವೇದ ವೈದ್ಯರದ್ದು: ಬೆಳಿಗ್ಗೆ ಮೂಗಿಗೆ ಅಣುತೈಲ ಎಂಬ ಎಣ್ಣೆ ಎರಡೆರಡು ಹನಿ, ಹರಿದ್ರಾಖಂಡ ಒಂದು ಚಮಚ ಬಿಸಿಹಾಲಿನಲ್ಲಿ ಎರಡು ಹೊತ್ತು, ನಾರದೀಯ ಲಕ್ಷ್ಮೀವಿಲಾಸ ರಸ ಒಂದೊಂದು ಮಾತ್ರೆ ಎರಡು ಹೊತ್ತು.

ಎರಡೂ ಶುರುವಾಗಿ 5 ದಿನ. ಬೆಳಿಗ್ಗೆ ಎಣ್ಣೆ ಬಿಟ್ಟು ಅದರ ಬೆನ್ನಿಗೇ ಸ್ಪ್ರೇ. ಗುಣ ಕಾಣುತ್ತಿಲ್ಲ, ಮೂಗಿನೊಳಗೆ ಉರಿ ಬೇರೆ. ನಿದ್ದೆಗೋಸ್ಕರ ಮೂರು ವಾರದಿಂದ ಮಲಗುವಾಗ ಝೈಲೊಮೆಟಾಝೊಲಿನ್ ಹನಿಯೂ ನಡೆದಿದೆ.

ಎರಡನ್ನೂ ಒಟ್ಟಿಗೆ ನಡೆಸಬಹುದಾ? ಒಂದನ್ನೇ ಆರಿಸಬೇಕಾದರೆ ಯಾವುದು? ದಿನಾ ಸ್ಟೀರಾಯ್ಡ್ ಹಾಕಿದರೆ ಮೈಗೆ ತೊಂದರೆ ಆಗಲ್ವಾ?

---

ಕಿವಿ ಮೂಗು ಗಂಟಲು

ಮೊದಲು ಆ ರಾತ್ರಿಯ ಹನಿ ನಿಲ್ಲಬೇಕು. ಬೇರೆ ಯಾವುದೂ ನಾಟುತ್ತಿಲ್ಲ ಅನ್ನಿಸಲು ಅರ್ಧ ಕಾರಣ ಅದೇ. ಝೈಲೊಮೆಟಾಝೊಲಿನ್ ಮೂಗಿನ ರಕ್ತನಾಳಗಳನ್ನು ಬಿಗಿಮಾಡಿ ಕೆಲವೇ ನಿಮಿಷದಲ್ಲಿ ದಾರಿ ಬಿಡಿಸುತ್ತದೆ. ಅದರ ಜೋರು ಇಳಿದ ಮೇಲೆ ಅವೇ ನಾಳಗಳು ಮೊದಲಿಗಿಂತ ಹೆಚ್ಚು ಊದುತ್ತವೆ. ಆಗ ಮತ್ತೆ ಹನಿ, ಮತ್ತೆ ಊತ. 3ರಿಂದ 5 ದಿನ ಮೀರಿಸಬಾರದ ಔಷಧಿ ಇದು, ನಿಮ್ಮಲ್ಲಿ ಮೂರು ವಾರ ಆಗಿದೆ. ಈಗ ಕಟ್ಟುತ್ತಿರುವ ಮೂಗಿನಲ್ಲಿ ಅಲರ್ಜಿಯ ಪಾಲೆಷ್ಟು, ಹನಿಯ ಪಾಲೆಷ್ಟು ಅಂತ ಬೇರ್ಪಡಿಸಿ ಹೇಳೋದು ಕಷ್ಟ.

ಒಂದೇ ಏಟಿಗೆ ನಿಲ್ಲಿಸಿದರೆ ಎರಡು ಮೂರು ರಾತ್ರಿ ನಿದ್ದೆ ಕೆಡುತ್ತದೆ. ಅದನ್ನು ತಡೆಯಲಾರದವರಿಗೆ ಇನ್ನೊಂದು ದಾರಿ ಇದೆ: ಸ್ಟೀರಾಯ್ಡ್ ಸ್ಪ್ರೇ ಎರಡೂ ಕಡೆ ದಿನಾ ನಡೆಯಲಿ, ಹನಿಯನ್ನು ಮೊದಲು ಒಂದು ಹೊಳ್ಳೆಗೆ ಮಾತ್ರ ನಿಲ್ಲಿಸಿ. ಆ ಕಡೆ ಸಲೀಸಾದ ಮೇಲೆ, ಸುಮಾರು ಒಂದು ವಾರಕ್ಕೆ, ಇನ್ನೊಂದು ಕಡೆಯೂ ನಿಲ್ಲಿಸಿ. ಬಿಪಿ ಇರುವವರು ಈ ಹನಿಯ ಸಹವಾಸಕ್ಕೇ ಹೋಗದಿರುವುದು ಒಳ್ಳೆಯದು.

ಈಗ ಸ್ಪ್ರೇ ವಿಚಾರ. 5 ದಿನಕ್ಕೆ ತೀರ್ಪು ಕೊಡಬೇಡಿ. ಮೊದಲ ದಿನವೇ ಸ್ವಲ್ಪ ಹಗುರ ಅನ್ನಿಸಬಹುದು, ಆದರೆ ಪೂರ್ತಿ ಗುಣ ಕಾಣಲು ಒಂದರಿಂದ ಎರಡು ವಾರ ಬೇಕು, ಅದೂ ಒಂದು ದಿನವೂ ತಪ್ಪಿಸದೆ ಹಾಕಿದರೆ. ಸೀನು ಬಂದಾಗ ಹಾಕಿ, ನಿಂತಾಗ ಬಿಟ್ಟರೆ ಅದು ಕೆಲಸ ಮಾಡುವುದಿಲ್ಲ. ಹನಿ ನಾಳ ಬಿಗಿಯುತ್ತದೆ, ಸ್ಟೀರಾಯ್ಡ್ ಒಳಪೊರೆಯ ಉರಿಯೂತವನ್ನೇ ತಗ್ಗಿಸುತ್ತದೆ. ಅದಕ್ಕೆ ಹೊತ್ತು ಹಿಡಿಯುತ್ತದೆ.

ಹಾಕುವ ಕ್ರಮದಲ್ಲಿ ಹತ್ತರಲ್ಲಿ ಎಂಟು ಜನ ತಲೆಯನ್ನು ಹಿಂದಕ್ಕೆ ವಾಲಿಸುತ್ತಾರೆ (ಇದು ಲೆಕ್ಕವಲ್ಲ, ಮಾತಿಗೆ ಹೇಳಿದ್ದು). ಹಾಗೆ ಮಾಡಿದರೆ ಔಷಧಿ ನೆಲದ ಮೇಲೆ ಹರಿದ ನೀರಿನ ಹಾಗೆ ಗಂಟಲಿಗೆ ಇಳಿಯುತ್ತದೆ. ಸರಿಯಾದ ಕ್ರಮ ಹೀಗೆ: ಮೂಗು ಸೀದಿ ಖಾಲಿ ಮಾಡಿ. ಸೀಸೆ ಅಲ್ಲಾಡಿಸಿ. ಹೊಸ ಸೀಸೆಯಾದರೆ ಕಂಪನಿ ಹೇಳಿದಷ್ಟು ಸಲ (ಸಾಮಾನ್ಯವಾಗಿ 6ರಿಂದ 10) ಗಾಳಿಗೆ ಒತ್ತಿ, ಸಣ್ಣ ಮಂಜಿನಂತೆ ಬರುವವರೆಗೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಎಡ ಹೊಳ್ಳೆಗೆ ಬಲಗೈಯಲ್ಲಿ, ಬಲ ಹೊಳ್ಳೆಗೆ ಎಡಗೈಯಲ್ಲಿ ಹಿಡಿಯಿರಿ. ಹಾಗೆ ಹಿಡಿದರೆ ತುದಿ ತಾನಾಗಿಯೇ ಹೊರಗಡೆಗೆ, ಅದೇ ಬದಿಯ ಕಣ್ಣಿನ ಹೊರತುದಿಯ ದಿಕ್ಕಿಗೆ ತಿರುಗುತ್ತದೆ. ಒತ್ತುವಾಗ ಮೆಲ್ಲಗೆ ಉಸಿರು ಎಳೆಯಿರಿ, ಹೂ ಮೂಸಿದಷ್ಟು ಸಾಕು. ಜೋರಾಗಿ ಎಳೆದರೆ ಗಂಟಲಲ್ಲಿ ರುಚಿ ಹತ್ತುತ್ತದೆ. ರುಚಿ ಹತ್ತಿತು ಅಂದರೆ ಔಷಧಿ ಹೊಟ್ಟೆಗೆ ಹೋಯಿತು ಅಂತಲೇ ಅರ್ಥ.

ತುದಿ ಮೂಗಿನ ನಡುಗೋಡೆಗೆ ತಿರುಗಿದ್ದರೆ ಅಲ್ಲೇ ಒಣಗಿ, ಹೆಪ್ಪು ಕಟ್ಟಿ, ರಕ್ತ ಬರುತ್ತದೆ. ಸೀದಿದಾಗ ರಕ್ತದ ಗೆರೆ ಕಂಡರೆ ಎರಡು ಮೂರು ದಿನ ಬಿಟ್ಟು ದಿಕ್ಕು ಸರಿಮಾಡಿ ಮತ್ತೆ ಶುರು ಮಾಡಿ.

ಮೈಗೆ ತೊಂದರೆಯ ಪ್ರಶ್ನೆ: ನಿಮ್ಮ ಸ್ಪ್ರೇಯಲ್ಲಿ ಒಂದು ಒತ್ತಿಗೆ 27.5 ಮೈಕ್ರೋಗ್ರಾಂ, ದಿನಕ್ಕೆ ನಾಲ್ಕು ಒತ್ತು ಅಂದರೆ 110 ಮೈಕ್ರೋಗ್ರಾಂ. ಅದರಲ್ಲಿ ರಕ್ತಕ್ಕೆ ಸೇರುವುದು ಸುಮಾರು ಅರ್ಧ ಶೇಕಡ. ಇನ್ನೊಂದು ಸ್ಟೀರಾಯ್ಡ್ ಸ್ಪ್ರೇ ಮೊಮೆಟಾಸೋನ್ ಕೂಡ ಒಂದು ಶೇಕಡಕ್ಕಿಂತ ಕಡಿಮೆ. ಹಳೆಯ ಬೆಕ್ಲೋಮೆಥಸೋನ್ ಇದಕ್ಕಿಂತ ಬಹಳ ಹೆಚ್ಚು ಸೇರುತ್ತದೆ. ಸ್ಟೀರಾಯ್ಡ್ ಮಾತ್ರೆಗೂ ಇದಕ್ಕೂ ಹೆಸರು ಒಂದೇ, ಪ್ರಮಾಣ ಬೇರೆ. ಹಾಗಂತ ಮರೆತುಬಿಡುವಂಥದ್ದೂ ಅಲ್ಲ: ಗ್ಲಾಕೋಮಾ, ಕಣ್ಣಿನ ಪೊರೆ ಇದ್ದವರು ಕಣ್ಣು ತೋರಿಸುತ್ತಿರಬೇಕು, ಮಕ್ಕಳಾದರೆ ಎತ್ತರ ಅಳೆಯುತ್ತಿರಬೇಕು. ಹಿಡಿತಕ್ಕೆ ಬಂದ ಮೇಲೆ ಒಂದೊಂದು ಹೊಳ್ಳೆಗೆ ಒಂದೊಂದೇ ಒತ್ತಿಗೆ ಇಳಿಸುವುದು ವಾಡಿಕೆ.

ಎಣ್ಣೆಯ ಬೆನ್ನಿಗೇ ಸ್ಪ್ರೇ ಹಾಕಿದ್ದು ಶುದ್ಧ ವ್ಯರ್ಥ. ಸ್ಪ್ರೇ ಇರುವುದು ನೀರಿನಲ್ಲಿ, ಕೆಳಗಿರುವುದು ಎಣ್ಣೆಯ ಪದರ. ಒಳಪೊರೆಗೆ ಅದು ಮುಟ್ಟುವುದು ಹೇಗೆ?

---

ನಸ್ಯಶಾಲೆ

ಮೇಲಿನವರು ಸ್ಪ್ರೇ ಬಗ್ಗೆ ಹೇಳಿದ್ದಕ್ಕೆ ತಕರಾರಿಲ್ಲ. ಎಣ್ಣೆಯ ಕಡೆಯಿಂದ ನಾನು ಹೇಳಬೇಕಾದದ್ದು ಕೆಲವರಿಗೆ ಹಿಡಿಸದಿರಬಹುದು: ಮೂಗು ಸುರಿಯುತ್ತಿರುವಾಗ ನಸ್ಯ (ಮೂಗಿಗೆ ಔಷಧಿ ಬಿಡುವ ಆಯುರ್ವೇದ ಚಿಕಿತ್ಸೆ) ಮಾಡಬಾರದು. ಇದು ಅಲೋಪಥಿಯವರ ಆಕ್ಷೇಪವಲ್ಲ. ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯದ ಸೂತ್ರಸ್ಥಾನದ 20ನೇ ಅಧ್ಯಾಯದಲ್ಲೇ ನಸ್ಯಕ್ಕೆ ಯೋಗ್ಯರಲ್ಲದವರ ಪಟ್ಟಿ ಇದೆ. ಹೊಸ ಪೀನಸ (ನೆಗಡಿ) ಇದ್ದವರು, ಉಬ್ಬಸ ಮತ್ತು ಕೆಮ್ಮು ಇದ್ದವರು, ಬಾಣಂತಿಯರು, ಆಗಷ್ಟೇ ಊಟ ಮಾಡಿದವರು, ನೀರು ಅಥವಾ ಮದ್ಯ ಕುಡಿದವರು, ತಲೆಗೆ ಸ್ನಾನ ಮಾಡಿದವರು ಅಥವಾ ಮಾಡಲು ಹೊರಟವರು. ಅಕಾಲದಲ್ಲಿ ಮೋಡ ಮುಚ್ಚಿದ ದಿನವೂ ಬೇಡ ಎನ್ನುತ್ತದೆ. ಈಗ ಅಂಗಡಿಯಲ್ಲಿ ಅಣುತೈಲ ಕೊಳ್ಳುವವರಲ್ಲಿ ಹೆಚ್ಚಿನವರು ಸೀನು ತಾರಕಕ್ಕೇರಿದ ದಿನವೇ ಸೀಸೆ ಬಿಚ್ಚುತ್ತಾರೆ. ಸುರಿಯುವ ಮೂಗಿಗೆ ಎಣ್ಣೆ ಬಿಟ್ಟರೆ ಅದು ನೀರಿನ ಜೊತೆ ಹೊರಗೆ ಬರುತ್ತದೆ, ಇಲ್ಲವೇ ಕಫವನ್ನು ಅಂಟಾಗಿಸಿ ಹಿಂದಕ್ಕೆ ಇಳಿಯುತ್ತದೆ. ಊದಿದ ಪೊರೆಗೆ ಉರಿಯೂ ಆಗುತ್ತದೆ. ನಿಮ್ಮ ಉರಿಗೆ ಕಾರಣ ಬಹುಶಃ ಇದೇ.

ಇನ್ನು ಹನಿಯ ಲೆಕ್ಕ. ತೋರುಬೆರಳಿನ ಎರಡು ಗೆಣ್ಣು ಮುಳುಗುವಷ್ಟು ಅದ್ದಿ ಎತ್ತಿದಾಗ ಬೀಳುವುದು ಶಾಸ್ತ್ರದ ಒಂದು ಬಿಂದು. ಪಂಚಕರ್ಮ ವಿಭಾಗಗಳಲ್ಲಿ ಅದನ್ನು ಸಾಮಾನ್ಯವಾಗಿ ಅರ್ಧ ಮಿ.ಲೀ ಎಂದು ಹಿಡಿಯುತ್ತಾರೆ. ಡ್ರಾಪರಿನ ಹನಿ ಸುಮಾರು 0.05 ಮಿ.ಲೀ, ಅಂದರೆ ಹತ್ತನೇ ಒಂದು ಪಾಲು. ಮರ್ಶ, ಅಂದರೆ ಹೆಚ್ಚು ಪ್ರಮಾಣದ ನಸ್ಯಕ್ಕೆ 6, 8, 10 ಬಿಂದು ಎಂದು ಮೂರು ಪ್ರಮಾಣ; ಪ್ರತಿಮರ್ಶ, ಅಂದರೆ ದಿನನಿತ್ಯದ ಕಿರು ನಸ್ಯಕ್ಕೆ 2 ಬಿಂದು. ಹಾಗಾಗಿ ಡ್ರಾಪರಿನ ಎರಡು ಹನಿ ಪ್ರತಿಮರ್ಶಕ್ಕೂ ಕಡಿಮೆಯೇ. ಮನೆಯಲ್ಲಿ ಅಷ್ಟೇ ಇರಲಿ, ಒಳ್ಳೆಯದೇ. ಅದರಿಂದ ಮರ್ಶದ ಫಲ ನಿರೀಕ್ಷಿಸಿ, ಬರಲಿಲ್ಲ ಎಂದು ವೈದ್ಯರನ್ನು ಬೈಯಬೇಡಿ.

ಮರ್ಶವನ್ನು ಮನೆಯಲ್ಲಿ ಪ್ರಯೋಗಿಸಬೇಡಿ. ಅದಕ್ಕೆ ಮುಖಕ್ಕೆ ಎಣ್ಣೆ ತಿಕ್ಕಿ ಹದವಾಗಿ ಶಾಖ ಕೊಡಬೇಕು. ಮಲಗಿಸಿ, ತಲೆ ತುಸು ಹಿಂದಕ್ಕೆ, ಕಾಲು ತುಸು ಎತ್ತರ. ಎಣ್ಣೆಯನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಬೇಕು, ನೇರ ಉರಿಯಲ್ಲಿ ಅಲ್ಲ. ಒಂದು ಹೊಳ್ಳೆ ಮುಚ್ಚಿ ಇನ್ನೊಂದಕ್ಕೆ ಬಿಡಬೇಕು. ಅಂಗಾಲು, ಕುತ್ತಿಗೆ, ಅಂಗೈ ಉಜ್ಜಬೇಕು. ಗಂಟಲಿಗೆ ಬಂದದ್ದನ್ನು ನುಂಗದೆ ಪಕ್ಕಕ್ಕೆ ಉಗುಳಬೇಕು. ನೂರು ಎಣಿಸುವಷ್ಟು ಹೊತ್ತು ಹಾಗೇ ಮಲಗಿದ್ದು, ಆಮೇಲೆ ಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸಬೇಕು. ನುಂಗಿದರೆ ಹೊಟ್ಟೆ ತೊಳಸುತ್ತದೆ, ನಗುತ್ತಾ ಮಾತಾಡುತ್ತಾ ಇದ್ದರೆ ಎಣ್ಣೆ ಶ್ವಾಸನಾಳಕ್ಕೆ ಜಾರುತ್ತದೆ.

ನಿಮ್ಮಂಥವರಿಗೆ ಎಣ್ಣೆಯ ಜಾಗ ಯಾವುದು ಅಂದರೆ: ಸೋರುವಿಕೆ ನಿಂತು ಮೂಗು ಒಣಗಿದ ಹಂತ, ಮತ್ತು ಹೊರಗೆ ಹೊರಡುವ ಮುಂಚಿನ ಗಳಿಗೆ. ಮನೆಯಿಂದ ಹೊರಡುವಾಗ ಪ್ರತಿಮರ್ಶ ಮಾಡಿದರೆ ಮೂಗು ತೇವವಾಗಿದ್ದು ಧೂಳು, ಹೊಗೆ ಬಾಧಿಸದು ಎಂದು ಸುಶ್ರುತದಲ್ಲಿದೆ. ಕಿರುಬೆರಳಿನ ತುದಿಗೆ ಎಣ್ಣೆ ಮುಟ್ಟಿಸಿ ಹೊಳ್ಳೆಯ ಒಳಅಂಚಿಗೆ ಸವರಿದರೆ ಸಾಕು. ಚರಕದಲ್ಲಿ ಅಣುತೈಲ ಹೇಳಿರುವುದೂ ಪ್ರಾವೃಟ್ (ಮಳೆಗಾಲದ ಆರಂಭ), ಶರತ್, ವಸಂತ ಋತುಗಳಲ್ಲಿ ಮೋಡವಿಲ್ಲದ ದಿನಗಳಿಗೆ. ಅಂದರೆ ಅದು ಕಾಯಿಲೆ ಉಲ್ಬಣಿಸಿದಾಗಿನ ಮದ್ದಾಗುವುದಕ್ಕಿಂತ ಮುಂಚಿನ ಅಭ್ಯಾಸ.

ಒಂದು ಎಚ್ಚರಿಕೆ: ಅಣುತೈಲದ ಮೂಲ ಎಳ್ಳೆಣ್ಣೆ, ಕೊನೆಯ ಪಾಕದಲ್ಲಿ ಮೇಕೆ ಹಾಲು ಸೇರುತ್ತದೆ. ಎಳ್ಳಿನ ಅಲರ್ಜಿ ಇದ್ದವರಿಗೆ ಖಂಡಿತ ಬೇಡ. ಪುಡಿ ಊದುವ ಪ್ರಧಮನ ನಸ್ಯವೂ ಸೀನುವ ಮೂಗಿಗೆ ಬೇಡ. (ಹಳ್ಳಿ ಕಡೆ ನಶ್ಯ ಅಂದರೆ ಹೊಗೆಸೊಪ್ಪಿನ ಪುಡಿ. ನಸ್ಯ ಮಾಡಿ ಎಂದರೆ ಡಬ್ಬಿ ತೆಗೆಯುವವರು ಇನ್ನೂ ಇದ್ದಾರೆ.)

---

ಕಿವಿ ಮೂಗು ಗಂಟಲು

ಒಂದು ಮಾತು ಸೇರಿಸುತ್ತೇನೆ. ಎಳ್ಳೆಣ್ಣೆ ಒಣ ಮೂಗಿಗೆ ಉಪ್ಪುನೀರಿಗಿಂತ ಹಿತ ಎಂದು ತೋರಿಸಿದ ಸ್ವೀಡನ್ನಿನ ಅಧ್ಯಯನ 2001ರಲ್ಲಿ ಪ್ರಕಟವಾಗಿದೆ. ಆದರೆ ಅದು ಚಳಿಗಾಲದ ಒಣಗಾಳಿಗೆ ಒಣಗಿದ ಮೂಗುಗಳ ಮೇಲೆ ನಡೆದದ್ದು, ಅಲರ್ಜಿಯ ಮೇಲಲ್ಲ. ಅಲರ್ಜಿಗೆ ಅಣುತೈಲ, ಮೂಗಿಗೆ ಬಿಡುವ ಇನ್ನೊಂದು ಎಣ್ಣೆಯಾದ ಷಡ್ಬಿಂದು ತೈಲದ ಪ್ರಯೋಗಗಳು ಹೆಚ್ಚಿನವು ಸಣ್ಣವು. ಯಾರಿಗೆ ಏನು ಕೊಟ್ಟಿದೆ ಎಂಬುದನ್ನು ಮುಚ್ಚಿಡುವುದೂ ಕಷ್ಟ, ಎಣ್ಣೆಯ ವಾಸನೆಯೇ ಹೇಳಿಬಿಡುತ್ತದೆ. ಸ್ಟೀರಾಯ್ಡ್ ಸ್ಪ್ರೇಗೆ 1970ರ ದಶಕದಿಂದ ಹೋಲಿಕೆ ಪ್ರಯೋಗಗಳ ಬೆಂಬಲ ಇದೆ. ವಾರಕ್ಕೆ 4 ದಿನಕ್ಕಿಂತ ಹೆಚ್ಚು, ಸತತ 4 ವಾರಕ್ಕಿಂತ ಹೆಚ್ಚು ಕಾಡಿ, ನಿದ್ದೆಯನ್ನೂ ಕೆಡಿಸುವ ಅಲರ್ಜಿಗೆ ಒಂದನ್ನೇ ಆರಿಸಿ ಎಂದರೆ ಸ್ಪ್ರೇ.

---

ನಸ್ಯಶಾಲೆ

ಆ ಹಂತಕ್ಕೆ ಸ್ಪ್ರೇ ಎಂಬುದನ್ನು ಒಪ್ಪುತ್ತೇನೆ. ಆದರೆ ಸ್ಪ್ರೇ ನಿಲ್ಲಿಸಿದ ಮೇಲೆ ಲಕ್ಷಣ ಮರಳುವುದನ್ನೂ ಹೇಳಬೇಕಲ್ಲವೇ? ಅದು ಅಲರ್ಜಿಯನ್ನು ಹತೋಟಿಯಲ್ಲಿಡುತ್ತದೆ, ಬೇರು ಕೀಳುವುದಿಲ್ಲ.

---

ಕಿವಿ ಮೂಗು ಗಂಟಲು

ನಿಜ. ಎಣ್ಣೆ ಬೇರು ಕೀಳುತ್ತದೆ ಎಂಬುದಕ್ಕೂ ಸಾಕ್ಷಿ ಇಲ್ಲ. ಅಲರ್ಜಿಯ ಸ್ವಭಾವವನ್ನೇ ಬದಲಿಸಲು ಈಗ ಇರುವುದು ಇಮ್ಯುನೋಥೆರಪಿ ಮಾತ್ರ: ಚುಚ್ಚುಮದ್ದು ಅಥವಾ ನಾಲಿಗೆ ಕೆಳಗಿನ ಹನಿ, 3ರಿಂದ 5 ವರ್ಷ. ಅದಕ್ಕೆ ಮೊದಲು ಯಾವುದರ ಅಲರ್ಜಿ ಎಂದು ಗೊತ್ತಾಗಬೇಕು.

---

ಹೊಂಗೆ ನೆರಳು

ರಾತ್ರಿಯ ಹನಿ ಒಂದು ಕಡೆ ಇವತ್ತೇ ನಿಲ್ಲುತ್ತದೆ. ಇನ್ನೆರಡು ಪ್ರಶ್ನೆ. ಜಲನೇತಿ (ಉಪ್ಪುನೀರಲ್ಲಿ ಮೂಗು ತೊಳೆಯುವುದು) ಇದರಲ್ಲಿ ಎಲ್ಲಿ ಬರುತ್ತದೆ? ಇದೇ ಮನೆಯಲ್ಲಿ 8 ತಿಂಗಳ ಮಗುವಿಗೆ ನೀರು ಹಾಕುವ ಅಜ್ಜಿ ಮೂಗಿಗೂ ಎಣ್ಣೆ ಬಿಡುತ್ತಾರೆ, ಅದು ಸರಿಯೇ?

---

ಉಪ್ಪುನೀರು

ನೇತಿ ಮೊದಲು, ಸ್ಪ್ರೇ ಆಮೇಲೆ. ಕಫ ಮತ್ತು ಪರಾಗ ತೊಳೆದುಹೋದ ಮೇಲೆ ಹಾಕಿದ ಔಷಧಿ ಒಳಪೊರೆಗೆ ಮುಟ್ಟುತ್ತದೆ. ನಡುವೆ 10-15 ನಿಮಿಷ ಬಿಡಿ, ಇಲ್ಲದಿದ್ದರೆ ಒಳಗೆ ಉಳಿದ ನೀರು ಸ್ಪ್ರೇಯನ್ನೂ ಹೊತ್ತುಕೊಂಡು ಹೊರಬರುತ್ತದೆ. ಸ್ಪ್ರೇ ಬೆಳಿಗ್ಗೆಯಾದರೆ ನೇತಿಯೂ ಬೆಳಿಗ್ಗೆ. ಸಂಜೆ ಧೂಳಲ್ಲಿ ತಿರುಗಾಡಿ ಬಂದ ದಿನ ಇನ್ನೊಮ್ಮೆ ಮಾಡಬಹುದು.

ಉಪ್ಪಿನ ಅಳತೆಯಲ್ಲಿ ಅಂದಾಜು ಬೇಡ. ಲೀಟರಿಗೆ 9 ಗ್ರಾಂ, ಅಂದರೆ ಅರ್ಧ ಲೀಟರಿಗೆ 4.5 ಗ್ರಾಂ. 5 ಮಿ.ಲೀ ಚಮಚದಲ್ಲಿ ಪುಡಿ ಉಪ್ಪು ಮಟ್ಟಸವಾಗಿ ಸುಮಾರು 6 ಗ್ರಾಂ ಹಿಡಿಯುತ್ತದೆ, ಹಾಗಾಗಿ ಅರ್ಧ ಲೀಟರಿಗೆ ಮುಕ್ಕಾಲು ಚಮಚ. ಕಲ್ಲುಪ್ಪನ್ನು ಚಮಚದಲ್ಲಿ ಅಳೆದರೆ ಹರಳಿನ ನಡುವೆ ಗಾಳಿ ಇರುವುದರಿಂದ ಕಡಿಮೆ ಬೀಳುತ್ತದೆ. ಪುಡಿ ಮಾಡಿ ಅಳೆಯಿರಿ ಅಥವಾ ತೂಗಿ. ಅಯೋಡಿನ್ ಇಲ್ಲದ ಉಪ್ಪಾದರೆ ಮೇಲು. ಎರಡು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಉರಿ ಇನ್ನೂ ಕಡಿಮೆ. ಬರೀ ನೀರು ಹಾಕಿದರೆ ಕೆರೆಯಲ್ಲಿ ಮುಳುಗಿ ಮೂಗಿಗೆ ನೀರು ಹೊಕ್ಕಾಗ ಆಗುವ ಉರಿಯೇ ಆಗುತ್ತದೆ, ಉಪ್ಪು ಹೆಚ್ಚಾದರೂ ಉರಿಯೇ.

ಇದಕ್ಕಿಂತ ಮುಖ್ಯ ನೀರು. ನಲ್ಲಿ ನೀರು ಬೇಡ, ಬೋರ್‌ವೆಲ್ ಬೇಡ, ಕ್ಯಾನ್ ನೀರು ಬೇಡ, ಆರ್‌ಒ ನೀರೂ ನೇರವಾಗಿ ಬೇಡ. ಕುಡಿಯಲು ಯೋಗ್ಯ ಅಂದರೆ ಮೂಗಿಗೆ ಯೋಗ್ಯ ಅಂತಲ್ಲ. ನೆಗ್ಲೇರಿಯಾ ಫೌಲೇರಿ ಎಂಬ ಅಮೀಬಾ ನುಂಗಿದರೆ ಏನೂ ಮಾಡದು, ಮೂಗಿನ ಮೇಲ್ಭಾಗದಿಂದ ಮಿದುಳಿಗೆ ಹತ್ತಿದರೆ ಉಳಿಯುವವರು ಬಹಳ ಕಡಿಮೆ. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಲ್ಲಿ ನೇತಿ ಮಾಡಿದ ಇಬ್ಬರು ಸತ್ತರು. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಅಮೀಬಾ ಮಿದುಳು ಸೋಂಕಿನ ಪ್ರಕರಣಗಳು ಸಾಲಾಗಿ ಬಂದವು. ಕೊತಕೊತ ಕುದಿಯಲು ಶುರುವಾದ ಮೇಲೆ 3ರಿಂದ 5 ನಿಮಿಷ ಕುದಿಸಿ, ಮುಚ್ಚಿ ಆರಿಸಿ, 24 ಗಂಟೆಯೊಳಗೆ ಬಳಸಿ. ಆರಿಸುವ ಅವಸರಕ್ಕೆ ತಣ್ಣೀರು ಬೆರೆಸಿದರೆ ಕುದಿಸಿದ್ದು ದಂಡ.

ಬೆಚ್ಚಗಿದೆಯೇ ಎಂದು ಮಣಿಕಟ್ಟಿನ ಮೇಲೆ ಸುರಿದು ನೋಡಿ. ಬೋಗುಣಿಯ ಮೇಲೆ ಬಗ್ಗಿ, ತಲೆ ಪಕ್ಕಕ್ಕೆ ವಾಲಿಸಿ, ಬಾಯಿ ತೆರೆದು ಉಸಿರಾಡುತ್ತಾ ನೇತಿ ಲೋಟದಿಂದ ಮೇಲಿನ ಹೊಳ್ಳೆಗೆ ಬಿಡಿ. ಪೂರ್ತಿ ಕಟ್ಟಿದ ಮೂಗಿಗೆ ಬಲವಂತ ಮಾಡಿದರೆ ನೀರು ಕಿವಿಯ ಕಡೆ ನುಗ್ಗುತ್ತದೆ. ಮುಗಿದ ಮೇಲೆ ಮುಂದೆ ಬಗ್ಗಿ ತಲೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಎರಡೂ ಹೊಳ್ಳೆ ತೆರೆದು ಮೆಲ್ಲಗೆ ಸೀದಿ. ಒಂದನ್ನು ಗಟ್ಟಿಯಾಗಿ ಮುಚ್ಚಿ ಜೋರಾಗಿ ಸೀದಿದರೂ ಕಿವಿನೋವು ಗ್ಯಾರಂಟಿ. ಲೋಟವನ್ನು ತೊಳೆದು ಬೋರಲು ಹಾಕಿ ಪೂರ್ತಿ ಒಣಗಿಸಿ.

ಹಬೆ ಬಗ್ಗೆ ಯಾರೂ ಕೇಳಿಲ್ಲ, ಆದರೂ: ಬಾಮ್ ಹಾಕಿದ ಹಬೆಯಲ್ಲಿ ಮೂಗು ಬಿಟ್ಟಂತೆ ಅನ್ನಿಸುವುದು ಮೆಂಥಾಲ್ ತಂಪಿನ ನರಗಳನ್ನು ತಟ್ಟುವುದರಿಂದ. ಗಾಳಿಯ ದಾರಿ ಅಷ್ಟೇ ಇರುತ್ತದೆ.

---

ಮದ್ದಿನಂಗಡಿ

ಮಾತ್ರೆಗಳ ಬಗ್ಗೆ ಯಾರೂ ಹೇಳಲಿಲ್ಲ. ಈ ಎರಡು ಚೀಟಿ ಒಟ್ಟಿಗೆ ಕೌಂಟರಿಗೆ ಬಂದರೆ ನಾಲ್ಕು ಕಡೆ ಕೈ ನಿಲ್ಲುತ್ತದೆ.

ಮಾಂಟೆಲುಕಾಸ್ಟ್. ದುಃಸ್ವಪ್ನ, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಇವುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು ಮಾರ್ಚ್ 2020ರಲ್ಲಿ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದರು. ಮೂಗಿನ ಅಲರ್ಜಿಗೆ ಬೇರೆ ಮದ್ದು ನಾಟದಿದ್ದರೆ ಮಾತ್ರ ಎಂದೂ ಹೇಳಿದರು. ಉಬ್ಬಸ ಇಲ್ಲದವರಿಗೆ, ಸ್ಪ್ರೇ ನಡೆಯುತ್ತಿರುವಾಗ, ಇದು ಬೇಕೇ ಎಂದು ಬರೆದ ಡಾಕ್ಟರನ್ನೇ ಕೇಳಿ.

ಲಕ್ಷ್ಮೀವಿಲಾಸ ರಸ ಬರೀ ಗಿಡಮೂಲಿಕೆ ಅಲ್ಲ. ನಾರದೀಯ ಪಾಠದಲ್ಲಿ ಪಾದರಸ-ಗಂಧಕದ ಕಜ್ಜಲಿ, ಅಭ್ರಕ ಭಸ್ಮ, ದತ್ತೂರಿ ಬೀಜ, ಭಂಗಿ ಬೀಜ ಇವೆ. ವೈದ್ಯರ ನಿಗಾದಲ್ಲಿ ಮಾತ್ರ ಎಂದು ಲೇಬಲ್ ಮೇಲೆ ಅಚ್ಚು ಹಾಕಿರುವುದು ಸುಮ್ಮನೆ ಅಲ್ಲ. ದತ್ತೂರಿ ಬಾಯಿ ಒಣಗಿಸುತ್ತದೆ, ಕಣ್ಣು ಮಂಜಾಗಿಸುತ್ತದೆ, ಪ್ರಾಸ್ಟೇಟ್ ದಪ್ಪಗಾದ ಹಿರಿಯರಿಗೆ ಮೂತ್ರ ಕಟ್ಟಿಸುತ್ತದೆ. ಇದರ ಮೇಲೆ ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆ ಬಿದ್ದರೆ ಅದೇ ತೊಂದರೆ ದುಪ್ಪಟ್ಟು. ಎರಡು ಚೀಟಿಯವರಿಗೂ ಇನ್ನೊಂದು ಚೀಟಿ ತೋರಿಸಿ.

ಹರಿದ್ರಾಖಂಡದ ಮೂಲ ಪಾಠದಲ್ಲಿ ಅರಿಸಿನ 8 ಪಲ, ಸಕ್ಕರೆ 50 ಪಲ (ಪಲ ಅಂದರೆ ಹಳೆಯ ತೂಕದ ಅಳತೆ). ಹೆಸರು ಅರಿಸಿನದ್ದು, ತೂಕ ಸಕ್ಕರೆಯದ್ದು. ಶುಗರ್ ಇದ್ದವರು ಎರಡು ಹೊತ್ತು ತಿನ್ನುವ ಮುಂಚೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಅದರ ಶಾಸ್ತ್ರೋಕ್ತ ಉಪಯೋಗವೂ ಮುಖ್ಯವಾಗಿ ಶೀತಪಿತ್ತಕ್ಕೆ, ಅಂದರೆ ಮೈಮೇಲೆ ಏಳುವ ದದ್ದಿಗೆ.

ಫ್ಲೂಟಿಕಾಸೋನ್ ಹಾಕುವವರು ರಿಟೊನಾವಿರ್ ಇರುವ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅದು ಸ್ಟೀರಾಯ್ಡನ್ನು ಯಕೃತ್ತು ಒಡೆಯದಂತೆ ತಡೆಯುತ್ತದೆ. ಆಗ ಮೇಲೆ ಹೇಳಿದ ಅರ್ಧ ಶೇಕಡದ ಲೆಕ್ಕ ನಿಲ್ಲುವುದಿಲ್ಲ.

ಲೇಬಲ್ ಇಲ್ಲದ ಪೊಟ್ಟಣದ ಪುಡಿ ಯಾರಾದರೂ ಕೊಟ್ಟು ಒಂದೇ ದಿನಕ್ಕೆ ಸೀನು ನಿಂತರೆ ಖುಷಿಪಡಬೇಡಿ. ಅಂಥ ಪುಡಿಗಳಲ್ಲಿ ಡೆಕ್ಸಾಮೆಥಸೋನ್ ಎಂಬ ಜೋರು ಸ್ಟೀರಾಯ್ಡ್ ಬೆರೆಸಿರುವುದು ಸಿಕ್ಕಿಬಿದ್ದಿದೆ. ಮೂಗಿನ ಸ್ಪ್ರೇಗೆ ಹೆದರಿ ಅದನ್ನು ತಿಂಗಳುಗಟ್ಟಲೆ ನುಂಗುವುದು ಬೆಕ್ಕಿಗೆ ಹೆದರಿ ಹುಲಿ ಬೋನಿಗೆ ಹೊಕ್ಕ ಹಾಗೆ.

ಸೀಸೆಯಲ್ಲಿ 120 ಒತ್ತು ಅಂತಿದ್ದರೆ ದಿನಕ್ಕೆ 4ರಂತೆ 30 ದಿನ. ಆಮೇಲೂ ತಳದಲ್ಲಿ ನೀರು ಅಲ್ಲಾಡುತ್ತದೆ, ಆದರೆ ಒಂದೊಂದು ಒತ್ತಿಗೆ ಬರುವ ಪ್ರಮಾಣ ಸರಿ ಇರುವುದಿಲ್ಲ. ತೆರೆದ ತಾರೀಕು ಸೀಸೆಯ ಮೇಲೇ ಬರೆದಿಡಿ.

---

ನಸ್ಯಶಾಲೆ

ಮಗುವಿನ ವಿಷಯ. ಬೇಡ, ಇವತ್ತಿನಿಂದಲೇ ನಿಲ್ಲಿಸಿ. 7 ವರ್ಷಕ್ಕಿಂತ ಕೆಳಗೆ, 80 ದಾಟಿದ ಮೇಲೆ ನಸ್ಯ ಇಲ್ಲ ಎಂದಿದೆ. ಪ್ರತಿಮರ್ಶ ಮಾತ್ರ ಹುಟ್ಟಿನಿಂದ ಸಾಯುವವರೆಗೆ ಹಿತ ಎಂಬ ಮಾತಿದೆ, ಅಜ್ಜಿಯರು ಅದನ್ನೇ ಎತ್ತಿ ಹೇಳಬಹುದು. ಆದರೆ ಅಳುತ್ತಿರುವ, ಕೈಕಾಲು ಹಿಡಿದು ಮಲಗಿಸಿದ ಕೂಸಿನ ಮೂಗಿಗೆ ಎಣ್ಣೆ ಸುರಿಯುವುದು ಯಾವ ಲೆಕ್ಕದಲ್ಲೂ ಪ್ರತಿಮರ್ಶ ಅಲ್ಲ.

---

ಕಿವಿ ಮೂಗು ಗಂಟಲು

ಎಣ್ಣೆ ನೀರಿನ ಹಾಗಲ್ಲ, ಕೆಮ್ಮು ಬರಿಸದೆ ಶ್ವಾಸಕೋಶಕ್ಕೆ ಜಾರಬಲ್ಲದು. ಒಳಗೆ ಹೋದದ್ದನ್ನು ಮೈ ಕರಗಿಸಲಾರದು. ಲಿಪಾಯ್ಡ್ ನ್ಯುಮೋನಿಯಾ ಎನ್ನುತ್ತಾರೆ. ಎಣ್ಣೆ, ತುಪ್ಪ ಮೂಗಿಗೆ ಬಿಟ್ಟ ಹಸುಗೂಸುಗಳಲ್ಲಿ ಇದು ನಮ್ಮ ದೇಶದಲ್ಲೂ ದಾಖಲಾಗಿದೆ. ಆಂಟಿಬಯಾಟಿಕ್‌ಗೆ ಬಗ್ಗದ ಕೆಮ್ಮು, ಏದುಸಿರು ಕಂಡರೆ ಮಕ್ಕಳ ಡಾಕ್ಟರಿಗೆ ಎಣ್ಣೆಯ ವಿಷಯ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳದೇ ಇರಬಹುದು. ಕೂಸಿನ ಮೂಗು ಕಟ್ಟಿದರೆ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಒಂದೆರಡು ಸಾಕು. ಬೆರಳಿಂದ ಮೈಗೆ ಎಷ್ಟು ಬೇಕಾದರೂ ಎಣ್ಣೆ ತಿಕ್ಕಲಿ, ಅಜ್ಜಿಗೆ ಬೇಜಾರಾಗುವುದು ಬೇಡ.

ಹೊಂಗೆ ನೆರಳು ಅವರೇ, ನಿಮಗೆ: ಎರಡು ವಾರ ಸರಿಯಾಗಿ ಸ್ಪ್ರೇ ಹಾಕಿಯೂ ಬಗ್ಗದಿದ್ದರೆ ಸ್ಟೀರಾಯ್ಡ್ ಜೊತೆ ಅಝೆಲಾಸ್ಟಿನ್ (ಅಲರ್ಜಿ ತಗ್ಗಿಸುವ ಔಷಧಿ) ಕೂಡಿದ ಸ್ಪ್ರೇ ಕೇಳಿ ನೋಡಿ, ಒಂದೊಂದು ಹೊಳ್ಳೆಗೆ ಒಂದೊಂದು ಒತ್ತು, ಎರಡು ಹೊತ್ತು. ಬಾಯಿ ಕಹಿಯಾಗುತ್ತದೆ, ಕೆಲವರಿಗೆ ಮಂಪರು. ಚರ್ಮದ ಮೇಲೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಗೆ ಹೋಗುವುದಾದರೆ ಲೆವೊಸೆಟಿರಿಝಿನ್ ಒಂದು ವಾರ ಮುಂಚೆ ನಿಲ್ಲಿಸಬೇಕು, ಫ್ಲೂಟಿಕಾಸೋನ್ ಸ್ಪ್ರೇ ನಿಲ್ಲಿಸಬೇಕಿಲ್ಲ. ಒಂದೇ ಹೊಳ್ಳೆ ಸದಾ ಕಟ್ಟುವುದು, ಒಂದೇ ಕಡೆಯಿಂದ ರಕ್ತ ಅಥವಾ ದುರ್ವಾಸನೆಯ ಕೀವು, ಕಣ್ಣಿನ ಸುತ್ತ ಊತ ಕಂಡರೆ ಅದನ್ನು ಅಲರ್ಜಿ ಎಂದುಕೊಂಡು ಎಣ್ಣೆಯನ್ನಾಗಲಿ ಸ್ಪ್ರೇಯನ್ನಾಗಲಿ ಮುಂದುವರಿಸಬೇಡಿ, ಮೂಗಿನೊಳಗೆ ದೂರ್ಬೀನು ಹಾಕಿ ನೋಡಿಸಿ.